ಚೇರ್ಮನ್ನರ ಚಪ್ಪಲಿ ಮತ್ತು ಕಪ್ಪು ಆಕೃತಿ

ನಮ್ಮ ಅಂಧೇರಿಯ ಬಿಲ್ಡಿಂಗಿನಲ್ಲಿ ಚೇರ್ಮನ್ನರ ಚಪ್ಪಲಿ ಕಳವಾಯಿತು. ಚಿನ್ನವಲ್ಲ, ಕಾರಲ್ಲ, ಚಪ್ಪಲಿ. ಗೇಟಿನ ಪಕ್ಕದಲ್ಲಿ ನಮ್ಮ ಸೊಸೈಟಿಯದ್ದೇ, ಅಂದರೆ ಬಿಲ್ಡಿಂಗಿನ ಮನೆಯವರ ಸಂಘದ್ದೇ, ಒಂದು ಮಾರುತಿ ಗುಡಿ ಉಂಟು. ಗುಡಿ ಅಂದರೆ ಎಷ್ಟು ದೊಡ್ಡದು, ಒಬ್ಬರು ಒಳಗೆ ಹೋಗಿ ನಿಂತರೆ ಮಾರುತಿ ಹೊರಗೆ ಬರಬೇಕು, ಅಷ್ಟು. ಶನಿವಾರ ಸಂಜೆ ಅದರ ಮುಂದೆ ಬಿಟ್ಟಿದ್ದ ಹೊಸ ಚರ್ಮದ ಚಪ್ಪಲಿ ಮಾಯ. ಚೇರ್ಮನ್ನರು ಬರಿಗಾಲಲ್ಲಿ ಮನೆಗೆ ಬಂದರು. ಅವರ ಹೆಂಡತಿ ಆ ಕಾಲುಗಳನ್ನು ನೋಡಿ, ಅವರು ಬಾಯಿ ತೆರೆಯುವ ಮೊದಲೇ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ಬೊಬ್ಬೆ ಹಾಕಿದರು. ಬಿಲ್ಡಿಂಗಿಗೆ ಕಳ್ಳರು ನುಗ್ಗಿದ್ದಾರೆ, ಎಲ್ಲರೂ ಹುಷಾರು ಅಂತ.

ಅಲ್ಲಿಂದ ಶುರುವಾಯಿತು ನೋಡಿ. ಸೆಕ್ರೆಟರಿ ಸಿಸಿಟಿವಿಯಿಂದ ಒಂದು ಚಿತ್ರ ತೆಗೆದು ಗ್ರೂಪಿಗೆ ಹಾಕಿದರು. ಕೆಳಗೆ ಬರೆದಿದ್ದರು: ಸಂಶಯಾಸ್ಪದ ಕಪ್ಪು ಆಕೃತಿ, ಎತ್ತರ, ದೃಢಕಾಯ, ಕೈಯಲ್ಲಿ ಚೀಲ. ನಮ್ಮ ಸಿಸಿಟಿವಿಯ ಕಥೆ ನಿಮಗೆ ಗೊತ್ತಿಲ್ಲ ಮಾರಾಯ್ರೆ. ಪಾರಿವಾಳಗಳು ಅದರ ಕಣ್ಣಿನ ಮೇಲೆಯೇ ಸಂಸಾರ ಹೂಡಿವೆ. ಅದರೊಳಗೆ ಹಾಲಿನವನೂ ಕಪ್ಪು ಆಕೃತಿ, ಹಾಲೂ ಕಪ್ಪು ಆಕೃತಿ.

ನಾನು ಕನ್ನಡಕ ಹಾಕಿ ನೋಡಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಅಯ್ಯೋ ದೇವರೇ, ಅದು ನಾನು! ನನ್ನದೇ ಸೀರೆ, ನನ್ನದೇ ಕೊಕ್ಕೆಕಾಲಿನ ನಡಿಗೆ, ನನ್ನದೇ ಚೀಲ. ಚೀಲದಿಂದ ಹೊರಗೆ ಇಣುಕುತ್ತಿದ್ದದ್ದು ಮಂಗಳೂರು ಸ್ಟೋರಿನಿಂದ ತಂದ ಬಸಳೆ ದಂಟು. ಅದನ್ನು ಕಬ್ಬಿಣದ ಸಲಾಕೆ ಅಂತ ನಾಲ್ಕನೇ ಮಹಡಿಯವರು ಸುತ್ತ ಕೆಂಪು ಗೆರೆ ಎಳೆದು ತೋರಿಸಿದ್ದರು. ನಾನು ಐದಡಿ ಇಲ್ಲ. ಕ್ಯಾಮರಾ ವಾಲಿರುವುದರಿಂದ ಎತ್ತರ, ದೃಢಕಾಯ ಎಲ್ಲ ಆಗಿದ್ದೆ. ಜೀವನದಲ್ಲಿ ಮೊದಲ ಬಾರಿ.

ಕೂಡಲೇ ಬರೆದೆ. "ಇದು ನಾನು. ಕೈಯಲ್ಲಿರುವುದು ಬಸಳೆ." ಉತ್ತರ ಏನು ಬಂತು ಗೊತ್ತಾ? "ಆಂಟಿ, ನಿಮ್ಮದು ದೊಡ್ಡ ಮನಸ್ಸು. ಆದರೆ ಅವಳನ್ನು ಉಳಿಸಲಿಕ್ಕೆ ಹೀಗೆಲ್ಲ ಸುಳ್ಳು ಹೇಳಬೇಡಿ." ಒಬ್ಬರಲ್ಲ, ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ನಾನು ನಾನೇ ಅಂತ ನಾನು ಹೇಳಿದರೂ ನಂಬದ ಜನ!

ಅವಳು ಅಂದರೆ ಯಾರು, ಅದನ್ನು ಯಾರೂ ಬರೆಯಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ. "ನಾನು ಯಾರ ಹೆಸರೂ ಹೇಳುತ್ತಿಲ್ಲ, ಆದರೆ ಮೂರನೇ ಮಹಡಿ" ಅಂತ ಒಬ್ಬರು ಹಾಕಿದ್ದರು. ಮೂರನೇ ಮಹಡಿಯಲ್ಲಿ ಇರುವುದು ಎರಡೇ ಬಾಗಿಲು. ಒಂದು ನನ್ನದು, ಎದುರಿನದ್ದು ಅವಳದ್ದು.

ಹುಡುಗಿ ಅನ್ನುತ್ತೇನೆ, ಮೂವತ್ತಾಗಿದೆ. ಆಫ್ರಿಕಾದ ಘಾನಾ ದೇಶದವಳು. ಸಿನಿಮಾ ಶೂಟಿಂಗುಗಳಲ್ಲಿ ಕೂದಲಿನ ಕೆಲಸ. ಜಡೆ ಹೆಣೆಯುತ್ತಾಳೆ, ವಿಗ್ ಕೂರಿಸುತ್ತಾಳೆ. ಅಜ್ಜನಾಗಬೇಕಾದ ಹೀರೋಗಳನ್ನು ಕಾಲೇಜಿಗೆ ಕಳಿಸುವುದು ಅವಳದ್ದೇ ಕೈಚಳಕ. ಅವಳ ಹಿಂದಿ ನನ್ನ ಹಿಂದಿಗಿಂತ ಚಂದ. ನನ್ನ ಹಿಂದಿ ಕೇಳಿ ರಿಕ್ಷಾದವರು ಇವತ್ತಿಗೂ ನಗುತ್ತಾರೆ. ಬಿಲ್ಡಿಂಗಿನವರಿಗೆಲ್ಲ ಅವಳು ನೈಜೀರಿಯನ್. ಘಾನಾ, ಘಾನಾ ಅಂತ ಹೇಳಿ ಹೇಳಿ ಅವಳಿಗೇ ಸಾಕಾಗಿದೆ. ನನಗೇನೂ ಆಶ್ಚರ್ಯವಿಲ್ಲ. ನಾನು ಮದುವೆಯಾಗಿ ಉಡುಪಿಯಿಂದ ದಾದರಿನ ಚಾಳಿಗೆ ಬಂದಾಗ ನನ್ನನ್ನು ಮದ್ರಾಸಿ ಅಂತ ಕರೆಯುತ್ತಿದ್ದರು. ಆ ಮದ್ರಾಸನ್ನು ನಾನು ಇವತ್ತಿನ ತನಕ ನೋಡಿಲ್ಲ.

ಚಪ್ಪಲಿಯಷ್ಟೇ ಆಗಿದ್ದರೆ ನಾನೂ ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ಅವಳ ಬಾಡಿಗೆ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸಲು ಸೊಸೈಟಿಯ ಒಪ್ಪಿಗೆ ಬೇಕು, ಅದನ್ನು ತೀರ್ಮಾನಿಸುವ ಸಭೆ ಮುಂದಿನ ಭಾನುವಾರ. ಮನೆಯ ಮಾಲಿಕ ಮಸ್ಕತ್ತಿನಲ್ಲಿದ್ದಾನೆ. ಕಮಿಟಿ ಹೇಳಿದ ಹಾಗೆ ಅಂತ ಅಲ್ಲಿಂದಲೇ ಕೈ ತೊಳೆದುಕೊಂಡ. ಒಪ್ಪಿಗೆ ಸಿಗದಿದ್ದರೆ ಅವಳು ಬೀದಿಗೆ. ಈ ಮನೆ ಹಿಡಿಯುವ ಮೊದಲು ಅವಳು ದೂರದ ವಿರಾರ್ ತನಕ ಅಲೆದಿದ್ದಳು. ಫೋನಿನಲ್ಲಿ ಖಾಲಿ ಇದ್ದ ಮನೆಗಳೆಲ್ಲ ಇವಳ ಮುಖ ಕಂಡ ಕೂಡಲೇ ಭರ್ತಿಯಾಗುತ್ತಿದ್ದವಂತೆ. ಒಬ್ಬ ಏಜೆಂಟನಂತೂ ಇವಳನ್ನು ಕಂಡ ಗಳಿಗೆಯಲ್ಲೇ ಅಣ್ಣನ ಮಗನ ಮದುವೆ ನೆನಪಾಗಿ ಓಡಿದನಂತೆ.

ನನಗೆ ಅವಳು ಹೋಗುವುದು ಬೇಡ. ಸುತ್ತಿಬಳಸಿ ಯಾಕೆ ಹೇಳಲಿ? ಸಂಜೆ ಬಂದು ನನ್ನ ಅಡುಗೆಮನೆ ಕಟ್ಟೆಯ ಮೇಲೆ ಕೂತು ನೀರುದೋಸೆಯನ್ನು ಕೈಯಲ್ಲಿ ಮಡಚಿ ಮಡಚಿ ತಿನ್ನುತ್ತಾಳೆ. ಇಲಿಬಾಲದಷ್ಟು ಉಳಿದಿರುವ ನನ್ನ ಜಡೆಗೆ ಎಣ್ಣೆ ಹಚ್ಚಿ, ಅದು ಮಹಾರಾಣಿಯ ಜಡೆ ಅನ್ನುವ ಹಾಗೆ ಹೆಣೆಯುತ್ತಾಳೆ. ಗಂಡ ಹೋದ ಮೇಲೆ ನನ್ನ ತಲೆ ಮುಟ್ಟಿದವರು ಬೇರೆ ಯಾರೂ ಇಲ್ಲ.

ಇನ್ನು ನನ್ನ ಕೋಪದ ವಿಷಯ. ನಾನು ಫೋರ್ಟ್ ಬಡಾವಣೆಯಲ್ಲಿ ಒಬ್ಬ ಕ್ರಿಮಿನಲ್ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಕಳ್ಳತನ, ಹೊಡೆದಾಟ, ಮೋಸ, ಎಲ್ಲ ನನ್ನ ಬೆರಳ ತುದಿಯಿಂದಲೇ ಹೋಗಿ ಕೋರ್ಟು ಸೇರುತ್ತಿದ್ದವು. ಅಷ್ಟು ವರ್ಷ ಟೈಪು ಮಾಡಿ ನಾನು ಒಂದು ವಿಷಯ ಗಮನಿಸಿದ್ದೆ. ಕಾಣೆಯಾದವರೆಲ್ಲ ಗೋಧಿ ಬಣ್ಣ, ಕದ್ದವರೆಲ್ಲ ಕಪ್ಪು ಬಣ್ಣ. ಗೋಧಿ ಬಣ್ಣದವರು ನಾಪತ್ತೆಯಾಗುತ್ತಾರೆ, ಕಪ್ಪು ಬಣ್ಣದವರು ಪರಾರಿಯಾಗುತ್ತಾರೆ. ಮಲಬಾರ್ ಹಿಲ್ಲಿನ ಬಂಗಲೆಯ ಹುಡುಗ ಕಾರು ಗುದ್ದಿದರೆ ಅವನು ದಾರಿ ತಪ್ಪಿದ ಯುವಕ. ಧಾರಾವಿಯ ಹುಡುಗ ಸೈಕಲ್ ಗುದ್ದಿದರೆ ರೂಢಿಗತ ಅಪರಾಧಿ. ಒಂದು ಸಲ ನಾನು ವಕೀಲರನ್ನು ಕೇಳಿಯೂ ಬಿಟ್ಟೆ. "ಸರ್, ಕತ್ತಲೆಯಲ್ಲಿ ಓಡಿದವನ ಬಣ್ಣ ಇವರಿಗೆ ಹೇಗೆ ಕಂಡಿತು?" ಅವರು ಕೇಳಿಸದವರ ಹಾಗೆ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರು. ಮಧ್ಯಾಹ್ನ ಪಕ್ಕದ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ನನ್ನ ಕೈಯನ್ನೇ ನೋಡಿಕೊಂಡೆ. ಸಾರಿಗಿಂತ ಕಪ್ಪು. ನನ್ನನ್ನು ನೋಡಲಿಕ್ಕೆ ಬಂದ ಗಂಡಿನ ಮನೆಯವರು ಎಣ್ಣೆಗಪ್ಪು ಅಂತ ಹೇಳಿಯೇ ಎರಡು ಕಡೆ ಬಿಟ್ಟುಹೋಗಿದ್ದರು. ಎಣ್ಣೆ ಅವರ ಮನೆಯಲ್ಲಿ ಇರಲಿಲ್ಲವೋ ಏನೋ.

ಹಾಗಾಗಿ ಸೆಕ್ರೆಟರಿಯ "ಕಪ್ಪು ಆಕೃತಿ" ನೋಡಿದಾಗ ನನ್ನ ಮಂಡೆ ಬಿಸಿಯಾಯಿತು. ಗ್ರೂಪಿನಲ್ಲಿ ಒಂದು ಉದ್ದ ಮೆಸೇಜು ಹಾಕಿದೆ. ಕಳ್ಳನ ಬಗ್ಗೆ ಬರೆಯುವಾಗ ಕಂಡದ್ದನ್ನು ಬರೆಯಿರಿ, ಅಂಗಿ, ಚೀಲ, ಹೋದ ದಿಕ್ಕು. ಯಾರನ್ನೂ ಕಾಣದೆ ಬಣ್ಣ ಬರೆಯಬೇಡಿ. ದೇಶದ ಹೆಸರಂತೂ ಬೇಡವೇ ಬೇಡ. ಇದು ಜನಾಂಗ ದ್ವೇಷ. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಲಿಫ್ಟಿನ ಒಳಗೂ ಅಂಟಿಸಿದೆ. ಅಂಟಿಸಿ ಬಂದು ಚಾ ಮಾಡಿಕೊಂಡು ಕುಡಿದೆ. ಸಮಾಜ ಸುಧಾರಣೆ ಆಯಿತು ಅಂತ ನನ್ನ ಲೆಕ್ಕ.

ಎಲ್ಲಿಯ ಸುಧಾರಣೆ! ಅಲ್ಲಿಯ ತನಕ ಗ್ರೂಪಿನಲ್ಲಿ ಮಾತಾಡುತ್ತಿದ್ದವರು ನಾಲ್ಕು ಜನ. ನನ್ನ ಮೆಸೇಜು ಬಂದ ಮೇಲೆ ಇಡೀ ಬಿಲ್ಡಿಂಗಿಗೆ ಬಾಯಿ ಬಂತು. ಎರಡನೇ ಮಹಡಿಯ ನಿವೃತ್ತ ಎಂಜಿನಿಯರ್, ಅವರಿಗೆ ನೀರಿನ ಟ್ಯಾಂಕು ಬಿಟ್ಟರೆ ಬೇರೆ ವಿಷಯವೇ ಗೊತ್ತಿರಲಿಲ್ಲ, ಅವರು ಬರೆದರು: "ಹಾಗಾದರೆ ಇನ್ನು ಮೇಲೆ ಕಾಲಾ ಖಟ್ಟಾ ಗೋಲಾ ಕೇಳುವುದು ಹೇಗೆ?" ಬೀದಿಯಲ್ಲಿ ಮಾರುವ, ಕಪ್ಪು ಹುಳಿ ಶರಬತ್ತು ಸುರಿದ ಐಸಿನ ಉಂಡೆ ಅದು. ಮತ್ತೊಬ್ಬರು ಕಪ್ಪು ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಯನ್ನು ಏನಂತ ಕರೆಯಬೇಕು ಕೇಳಿದರು. ಇನ್ನೊಬ್ಬರು ಕರಿಮೆಣಸಿಗೆ ಮರ್ಯಾದೆಯ ಹೆಸರು ಸೂಚಿಸಿ ಅಂದರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಬಿಲ್ಡಿಂಗಿನವರ ಮುಖದ ಚಿತ್ರ ಹೋಗಿ ಅಲ್ಲೆಲ್ಲ ಕಾಲಾ ಖಟ್ಟಾ ಗೋಲಾ ಬಂದಿತ್ತು. ಒಂದೇ ನಮೂನೆಯ ಐಸುಗೋಲಾಗಳು ಒಂದಕ್ಕೊಂದು ಗುಡ್ ಮಾರ್ನಿಂಗ್ ಹೇಳಿಕೊಳ್ಳುತ್ತಿದ್ದವು. ಯಾವ ಗೋಲಾ ಯಾರು ಅಂತ ಅವರಿಗೇ ಗೊತ್ತಾಗದೆ, ಒಬ್ಬಳು ತನ್ನ ಗಂಡನಿಗೆ ಕಳಿಸಬೇಕಾದ ಬೈಗುಳವನ್ನು ಎಂಜಿನಿಯರ್‌ಗೆ ಕಳಿಸಿ ದೊಡ್ಡ ರಾದ್ಧಾಂತ. ಲಿಫ್ಟಿನಲ್ಲಿದ್ದ ನನ್ನ ಕಾಗದದ ಮೇಲೆ ಯಾರೋ ಮೀಸೆ ಬರೆದಿದ್ದರು. ಕಾಗದಕ್ಕೆ ಯಾಕೆ ಮೀಸೆ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸೆಕ್ರೆಟರಿ ನನ್ನನ್ನು ತರಕಾರಿ ಗಾಡಿಯ ಹತ್ತಿರ ಹಿಡಿದರು. ಅವರು ಟಿವಿ ನೋಡಿ ನೋಡಿ ತುಂಬಾ ವಿಚಾರವಂತರಾಗಿದ್ದಾರೆ.

"ಆಂಟಿ, ಪ್ರಪಂಚದಲ್ಲಿ ಎಲ್ಲ ಕಡೆ ಹೀಗೇ. ಸಮಾನತೆ ಬೇಕು ಅಂತ ಇವರು ಬೀದಿಗಿಳಿಯುವುದು, ಅದನ್ನು ನೋಡಿ ಉಳಿದವರು ರೊಚ್ಚಿಗೇಳುವುದು. ಸುಮ್ಮನಿದ್ದಿದ್ದರೆ ತಾನಾಗಿಯೇ ಸರಿಹೋಗುತ್ತಿತ್ತು."

"ಎಷ್ಟು ವರ್ಷ ಸುಮ್ಮನಿರಬೇಕು?"

"ಅದು ಹೇಳಲಿಕ್ಕೆ ಬರುವುದಿಲ್ಲ."

"ಹಾಗಾದರೆ ನೀವು ಮೊದಲು ಸುಮ್ಮನಿದ್ದು ತೋರಿಸಿ" ಅಂದೆ. ಬದನೆಕಾಯಿಯವನು ನಕ್ಕುಬಿಟ್ಟ. ಅದು ಸೆಕ್ರೆಟರಿಗೆ ನಾಟಿತು. ಆ ಸಂಜೆಯೇ ಹೊಸ ಆರ್ಡರ್ ಹೊರಟಿತು: ಭದ್ರತೆಯ ದೃಷ್ಟಿಯಿಂದ ಗೇಟಿನಲ್ಲಿ ಬಾಡಿಗೆದಾರರ ಚೀಲ ತಪಾಸಣೆ. ಬಾಡಿಗೆದಾರರು ಬೇಕಾದಷ್ಟಿದ್ದಾರೆ, ತಪಾಸಣೆಯಾದದ್ದು ಒಬ್ಬಳದ್ದೇ. ಸೆಕ್ರೆಟರಿ ಖುದ್ದು ನಿಂತು ಅವಳ ಚೀಲದ ಜಿಪ್ಪು ಎಳೆದರು. ಒಳಗಿಂದ ಉದ್ದ ಕೂದಲಿನ ಒಂದು ತಲೆ ಎದ್ದು ಅವರ ಮುಖಕ್ಕೇ ಬಂತು. ಅವರ ಕಿರುಚಾಟ ನನಗೆ ಮೂರನೇ ಮಹಡಿಗೆ ಕೇಳಿಸಿತು. ವಿಗ್ ಇಡುವ ಥರ್ಮೊಕೋಲ್ ತಲೆ ಅದು. ವಾಚ್‌ಮನ್ ಅವರಿಗೆ ನೀರು ಕುಡಿಸಬೇಕಾಯಿತು. ಅಷ್ಟಾದ ಮೇಲೂ ಗ್ರೂಪಿನಲ್ಲಿ ಏನು ಬಂತು? "ಚೀಲದಲ್ಲಿ ಆಕ್ಷೇಪಾರ್ಹ ವಸ್ತುಗಳು ಪತ್ತೆ."

ಆ ರಾತ್ರಿ ಊಟದ ಹೊತ್ತಿಗೆ ಹುಡುಗಿ ನನ್ನ ಬಾಗಿಲು ಬಡಿದಳು. ನಾನು ಅವಳು ಥ್ಯಾಂಕ್ಸ್ ಹೇಳಲಿಕ್ಕೆ ಬಂದಳು ಅಂದುಕೊಂಡು ದೋಸೆ ಹಂಚು ಇಟ್ಟೆ.

"ಆಂಟಿ, ದಯವಿಟ್ಟು ನನಗೆ ಸಹಾಯ ಮಾಡುವುದನ್ನು ನಿಲ್ಲಿಸಿ" ಅಂದಳು.

ನಾನು ಸೌಟು ಕೆಳಗಿಟ್ಟೆ.

"ಮೊದಲು ಲಿಫ್ಟಿನಲ್ಲಿ ಮೂರು ಜನ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಈಗ ಒಬ್ಬರೂ ಹೇಳುವುದಿಲ್ಲ. ಒಬ್ಬರು ಕೇಳಿದರು, ನಿನಗೆ ಗುಡ್ ಮಾರ್ನಿಂಗ್ ಹೇಳಿದರೆ ಆ ಆಂಟಿ ಬೈಯುತ್ತಾರಾ, ಹೇಳದಿದ್ದರೆ ಬೈಯುತ್ತಾರಾ ಅಂತ. ಭಾನುವಾರ ಕೈ ಎತ್ತುವವರು ಇವರೇ ಅಲ್ಲವಾ?"

"ಅವರ ಹೊಟ್ಟೆಯಲ್ಲಿ ಮೊದಲೇ ಇತ್ತು ಮಗಾ. ಜ್ವರ ಇತ್ತು, ನಾನು ಥರ್ಮಾಮೀಟರ್ ಇಟ್ಟೆ ಅಷ್ಟೇ."

"ಥರ್ಮಾಮೀಟರ್ ಇಟ್ಟದ್ದು ನೀವು. ಆದರೆ ಅದು ಇರುವುದು ನನ್ನ ಬಾಯಲ್ಲಿ, ಆಂಟಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನನಗೆ ಬಿಕ್ಕಳಿಕೆ ಶುರುವಾಗುತ್ತದೆ. ಬಿಕ್ಕುತ್ತಲೇ ದೋಸೆ ಹೊಯ್ದೆ. ಅವಳೇ ನೀರು ಕೊಟ್ಟು, ನನ್ನ ಬೆನ್ನು ತಟ್ಟಿ, ಕೊನೆಗೆ ದೋಸೆಯನ್ನೂ ತಿಂದಳು. ನಾನು ಹೇಳಿದ್ದು ಸರಿ ಅಂತ ನನಗೆ ಖಾತ್ರಿ ಇತ್ತು. ಅವಳು ಹೇಳಿದ್ದೂ ಸರಿ ಅಂತಲೂ ಖಾತ್ರಿ ಇತ್ತು. ಹಾಗಾದರೆ ಏನು ಮಾಡುವುದು? ಯಾರನ್ನಾದರೂ ಬೈಯೋಣವೆಂದರೆ ಒಬ್ಬರ ಮುಖವೂ ಗ್ರೂಪಿನಲ್ಲಿ ಇರಲಿಲ್ಲ, ಬರೀ ಗೋಲಾ.

ಸಭೆಯ ಹಿಂದಿನ ದಿನ, ಶನಿವಾರ ಸಂಜೆ, ಮಾರುತಿಗಾದರೂ ಎರಡು ಮಾತು ಹೇಳಿ ಬರುವ ಅಂತ ಗುಡಿಗೆ ಇಳಿದೆ. ದೂರದಿಂದ ನೋಡಿದರೆ ನಮ್ಮ ಚೇರ್ಮನ್ನರು. ಇವರು ನಮ್ಮ ಕುಂದಾಪುರ ಕಡೆಯವರೇ, ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟು ಆರಾಮಾಗಿದ್ದಾರೆ. ಪ್ರತಿ ಗಣಪತಿ ಹಬ್ಬಕ್ಕೆ ಮೈಕು ಹಿಡಿದು ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಮಾಡುತ್ತಾರೆ, ಗಣಪತಿಯ ಎದುರಿಗೇ. ಅಂಥವರು ಗುಡಿಯ ಮುಂದೆ ಹೊಚ್ಚಹೊಸ ಚಪ್ಪಲಿ ಬಿಟ್ಟು, ಅತ್ತಿತ್ತ ನೋಡಿ, ಒಂದು ಸ್ಕೂಟರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಹೊಟ್ಟೆ ಮಾತ್ರ ಸ್ಕೂಟರಿನ ಈಚೆ ಕಡೆ ಕಾಣುತ್ತಿತ್ತು. ನಾನೂ ನೀರಿನ ಪಂಪಿನ ಹಿಂದೆ ನಿಂತೆ.

ಸ್ವಲ್ಪ ಹೊತ್ತಿಗೆ ವಾಚ್‌ಮನ್ ಬಂದ. ಚಪ್ಪಲಿ ನೋಡಿದ. ಹೊಸ ಆರ್ಡರಿನ ಪ್ರಕಾರ ಅವನೀಗ ಭಯಂಕರ ಚುರುಕು. ಚಪ್ಪಲಿ ಎತ್ತಿಕೊಂಡು ನೇರ ಸ್ಕೂಟರಿನ ಹಿಂದೆ ಹೋದ. "ಸಾಬ್, ಆಪ್ ಕಾ ಚಪ್ಪಲ್!" ಚೇರ್ಮನ್ನರು ಹಲ್ಲು ಕಿರಿದು ತೆಗೆದುಕೊಂಡರು. ಅವನು ಆಚೆ ಹೋದ ಮೇಲೆ ಮತ್ತೆ ತಂದು ಬಿಟ್ಟರು, ಈ ಸಲ ಗೇಟಿನ ಹೊರಗೆ. ಅವನು ಮತ್ತೆ ತಂದುಕೊಟ್ಟ. ಕೊನೆಗೆ ಸಾಹೇಬರಿಗೆ ಮರೆವು ಜಾಸ್ತಿಯಾಗಿದೆ ಅಂತ ಕನಿಕರ ಬಂದು, ಎರಡೂ ಚಪ್ಪಲಿಗೆ ಸೈಕಲ್ ಚೈನು ಹಾಕಿ ಗುಡಿಯ ಕಂಬಿಗೆ ಬೀಗ ಜಡಿದು ಬೀಗದ ಕೈಯನ್ನು ಅವರ ಕೈಗೇ ಕೊಟ್ಟ.

ನಾನು ಪಂಪಿನ ಹಿಂದಿನಿಂದ ಹೊರಗೆ ಬಂದೆ. "ಎಂತ ಕಥೆ ಇದು?"

ಅವರು ಬೆಚ್ಚಿಬಿದ್ದು ಸ್ಕೂಟರಿನ ಸಮೇತ ವಾಲಿದರು. ಆಮೇಲೆ ಸತ್ಯ ಹೊರಬಂತು. ಉಡುಪಿಯ ಜೋಯಿಸರು ಅವರಿಗೆ ಸಾಡೇಸಾತಿ ಅಂದಿದ್ದರಂತೆ, ಶನಿಯ ಏಳೂವರೆ ವರ್ಷದ ಕಾಟ. ಅದಕ್ಕೆ ಪರಿಹಾರ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ: ಶನಿವಾರ ಗುಡಿಯ ಮುಂದೆ ಬಿಟ್ಟ ಚಪ್ಪಲಿಯನ್ನು ಯಾರಾದರೂ ಕದ್ದರೆ ಅದರ ಸಂಗಡವೇ ಶನಿಯೂ ಹೋಗುತ್ತಾನೆ. ಜೋಯಿಸರು ಇವರಿಗೆ ಮೂರು ಶನಿವಾರ ಬರೆದುಕೊಟ್ಟಿದ್ದರು, ಜೊತೆಗೊಂದು ಪಥ್ಯ: ಯಾರಿಗೂ ಹೇಳಬಾರದು, ಹೇಳಿದರೆ ಶನಿ ಲೆಕ್ಕವನ್ನು ಮೊದಲಿಂದ ಶುರು ಮಾಡುತ್ತಾನೆ. ಹಾಗಾಗಿ ನನಗೂ ಶನಿಗೆ ಕೇಳಿಸದ ಹಾಗೆ ಪಿಸುದನಿಯಲ್ಲೇ ಹೇಳಿದರು. ಮೊದಲ ಶನಿವಾರ ಸಲೀಸಾಗಿ ಹೋಯಿತು. ಮನೆಗೆ ಬಂದು ಸಂತೋಷವಾಗಿ ಕಾಲು ತೊಳೆಯುವಷ್ಟರಲ್ಲಿ ಹೆಂಡತಿ ಗ್ರೂಪಿನಲ್ಲಿ ಬೊಬ್ಬೆ ಹಾಕಿಯಾಗಿತ್ತು.

"ಅವಳ ಬೊಬ್ಬೆಯಿಂದ ಈಗ ಕ್ಯಾಮರಾ, ವಾಚ್‌ಮನ್, ತಪಾಸಣೆ. ಒಬ್ಬ ಕಳ್ಳನೂ ಹತ್ತಿರ ಬರುವುದಿಲ್ಲ ಮಾರಾಯ್ತಿ" ಅಂತ ಅವರು ಕಣ್ಣೊರೆಸಿಕೊಂಡರು.

"ನಿಮ್ಮ ಶನಿ ಬಿಡಿಸಿಕೊಳ್ಳಲಿಕ್ಕೆ ಆ ಹುಡುಗಿಗೆ ಹಿಡಿಸಿದಿರಾ? ನಾಚಿಕೆ ಆಗುವುದಿಲ್ಲವಾ ನಿಮಗೆ? ನಾಳೆ ಸಭೆಯಲ್ಲಿ ಹೇಳುತ್ತೀರಾ, ಇಲ್ಲ ನಾನೇ ಹೇಳಲಾ?"

ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. "ನೀನು ಹೇಳಿದರೆ ನಂಬುವವರು ಯಾರು? ಆ ಚಿತ್ರದಲ್ಲಿರುವುದು ನೀನೇ ಅಂದಾಗಲೇ ಯಾರೂ ನಂಬಲಿಲ್ಲ."

ಹೌದಲ್ಲ. ಬಿಲ್ಡಿಂಗಿನಲ್ಲಿ ನಾನೀಗ ನೈಜೀರಿಯನ್ ಪಾರ್ಟಿಯ ಆಂಟಿ. ನಾನು ಸೂರ್ಯ ಹುಟ್ಟಿದ ಅಂದರೂ ಗೋಲಾಗಳು ಕಿಟಕಿ ಮುಚ್ಚಿಕೊಂಡು ಕೂರುತ್ತವೆ.

ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ. ಬಾಡಿಗೆದಾರರಿಗೆ ಮಾತಾಡುವ ಹಕ್ಕಿಲ್ಲ. ಹುಡುಗಿ ಲಿಫ್ಟಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಸಲ್ವಾರ್ ಹಾಕಿಕೊಂಡು ಬಂದಿದ್ದಳು. ಎಂಜಿನಿಯರ್ ಎದ್ದು ನಿಂತು, "ನನಗೆ ಆ ಜನರ ಮೇಲೆ ಏನೂ ಕೋಪವಿಲ್ಲ, ದುಬೈಯಲ್ಲಿ ನನ್ನ ಬಾಸೇ ಅವರವನು, ಆದರೆ" ಅಂತ ಶುರು ಮಾಡಿ, ಆ "ಆದರೆ"ಯಿಂದ ಮುಂದಕ್ಕೆ ಹೋಗಲಾರದೆ ಕೂತರು. ಸೆಕ್ರೆಟರಿ ಆಕ್ಷೇಪಾರ್ಹ ವಸ್ತುಗಳ ಬಗ್ಗೆ ಹೇಳಿದರು. ನಾನು ಮೂರು ಸಲ ಎದ್ದೆ, ಮೂರು ಸಲವೂ "ಆಂಟಿ, ನಿಮ್ಮದು ಗೊತ್ತಾಯಿತು" ಅಂತ ಕೂರಿಸಿದರು. ಚೇರ್ಮನ್ನರು ಮಾತ್ರ ನೆಲ ನೋಡುತ್ತಾ ಕೂತಿದ್ದರು. ನಾನು ಕೆಮ್ಮಿದೆ. ಗಂಟಲು ಸರಿ ಮಾಡಿದೆ. ಚಾ ಕೊಡುವ ನೆಪದಲ್ಲಿ ಅವರ ಕಾಲೂ ತುಳಿದೆ. ಊಹೂಂ. ಮನುಷ್ಯ ಶನಿಗೆ ಹೆದರುವಷ್ಟು ನನಗೆ ಹೆದರಲಿಲ್ಲ.

"ಒಪ್ಪಿಗೆ ಬೇಡ ಅನ್ನುವವರು ಕೈ ಎತ್ತಿ" ಅಂದರು ಸೆಕ್ರೆಟರಿ. ಕೈಗಳು ಏಳತೊಡಗಿದವು. ಒಂದೊಂದು ಕೈ ಎದ್ದಾಗಲೂ ನಾನು ಹುಡುಗಿಯ ಕಡೆ ನೋಡದಿರಲಿಕ್ಕೆ ಪ್ರಯತ್ನಪಟ್ಟೆ.

ಆಗ ಗೇಟಿನ ಕಡೆಯಿಂದ ಏದುಸಿರು ಬಿಡುತ್ತಾ ವಾಚ್‌ಮನ್ ಬಂದ. ಮೊಣಕಾಲು ತರಚಿತ್ತು, ತಲೆಯ ಮೇಲೆ ಪಾರಿವಾಳದ ಪುಕ್ಕ. ಎರಡೂ ಕೈಯಲ್ಲಿ ಚಪ್ಪಲಿ. "ಸಾಬ್! ಬೆಳಿಗ್ಗೆ ಯಾರೋ ಬೀಗ ತೆಗೆದು ನಿಮ್ಮ ಚಪ್ಪಲಿಯನ್ನು ಪಕ್ಕದ ಬಿಲ್ಡಿಂಗಿನ ಶೆಡ್ಡಿನ ಮೇಲೆ ಎಸೆದಿದ್ದರು. ಹತ್ತಿ ತಂದೆ!"

ಚೇರ್ಮನ್ನರು ಕೈ ಚಾಚಲಿಲ್ಲ. ಅವರ ಹೆಂಡತಿ ಚಪ್ಪಲಿಯನ್ನು ತಿರುಗಿಸಿ ನೋಡಿದರು. "ಇದು ಕಳವಾದದ್ದಲ್ಲವಲ್ಲ? ಇದು ಯಾವಾಗ ತಗೊಂಡದ್ದು? ನನಗೆ ಹೇಳದೆ ಯಾಕೆ ತಗೊಂಡದ್ದು? ರಾತ್ರಿ ಸೈಕಲ್ ಬೀಗದ ಕೈ ನಿಮ್ಮ ಜೇಬಲ್ಲಿ ಯಾಕೆ ಇತ್ತು?"

ಪೊಲೀಸರು ಇಷ್ಟು ಚೆನ್ನಾಗಿ ಪ್ರಶ್ನೆ ಕೇಳಿದ್ದರೆ ನಮ್ಮ ವಕೀಲರು ಎಂದೋ ಅಂಗಡಿ ಮುಚ್ಚಬೇಕಿತ್ತು. ನಾಲ್ಕನೇ ಪ್ರಶ್ನೆಗೆ ಚೇರ್ಮನ್ನರು ಕುಸಿದರು. "ನಾನೇ ಎಸೆದದ್ದು! ಮೊದಲಿನದ್ದನ್ನು ಬಿಟ್ಟದ್ದೂ ನಾನೇ! ಕಳವಾಗಲಿ ಅಂತಲೇ ಬಿಟ್ಟದ್ದು! ಸಾಡೇಸಾತಿ!" ಅಂತ ಇಡೀ ಪಾರ್ಕಿಂಗಿಗೆ ಕೇಳುವ ಹಾಗೆ ಕೂಗಿದರು.

ಈಗ ಇವರನ್ನು ಹಿಡಿದು ಜಾಡಿಸುತ್ತಾರೆ ಅಂತ ನಾನು ಖುಷಿಯಿಂದ ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ಅರೇ, ಮೊದಲೇ ಹೇಳಬಾರದಾ?" ಅಂದರು ಎಂಜಿನಿಯರ್. "ನನಗೂ ಆಗಿತ್ತು. ಕಪ್ಪು ಎಳ್ಳು ದಾನ ಮಾಡಿ." ಸೆಕ್ರೆಟರಿ ಕಪ್ಪು ಉದ್ದು ಅಂದರು. ನಾಲ್ಕನೇ ಮಹಡಿಯವರು ಕಪ್ಪು ಬಟ್ಟೆ, ಕಪ್ಪು ಕೊಡೆ ಅಂದರು. ಕಪ್ಪು ನಾಯಿಗೆ ರೊಟ್ಟಿ ಹಾಕಬೇಕೋ ಚಪಾತಿ ಹಾಕಬೇಕೋ ಅಂತ ಎರಡು ಪಂಗಡವಾಯಿತು. ಎಲ್ಲರ ಬಾಯಲ್ಲೂ ಕಪ್ಪು, ಕಪ್ಪು, ಏನು ಭಕ್ತಿ, ಏನು ಮರ್ಯಾದೆ! ಎದ್ದಿದ್ದ ಕೈಗಳೆಲ್ಲ ಈಗ ಶನಿಯ ಮನೆ ಯಾವುದು ಅಂತ ಬೆರಳು ಮಡಚುತ್ತಿದ್ದವು. ಒಬ್ಬರೂ ಅವರನ್ನು ಸುಳ್ಳುಗಾರ ಅನ್ನಲಿಲ್ಲ, ಸಂಶಯಾಸ್ಪದ ಅನ್ನಲಿಲ್ಲ, ದೃಢಕಾಯ ಅಂತ ಕೂಡ ಅನ್ನಲಿಲ್ಲ. ನಡಾವಳಿಯಲ್ಲಿ ಬರೆದುಕೊಂಡದ್ದು ಇಷ್ಟೇ: ಚಪ್ಪಲಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಆಗಿದ್ದು, ಬಗೆಹರಿದಿದೆ.

ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಐದಡಿ ಇಲ್ಲದವಳಿಗೆ ಬೇರೆ ದಾರಿ ಏನುಂಟು? "ಹುಡುಗಿಯ ಒಪ್ಪಿಗೆ ಏನಾಯಿತು?" ಅಂತ ಕಿರುಚಿದೆ.

"ಓಹ್, ಅದಾ? ಕೊಡುವ, ಕೊಡುವ" ಅಂದರು ಸೆಕ್ರೆಟರಿ, ನೊಣ ಓಡಿಸುವವರ ಹಾಗೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು. ಚೇರ್ಮನ್ನರ ಹೆಂಡತಿ ಲಿಫ್ಟಿನ ಹತ್ತಿರ ಹೋಗಿ ಹುಡುಗಿಯ ಕೆನ್ನೆ ತಟ್ಟಿದರು. "ನನಗೆ ಮೊದಲೇ ಗೊತ್ತಿತ್ತು. ನೀನು ಅವರ ಹಾಗೆ ಅಲ್ಲ." ಹುಡುಗಿ "ಥ್ಯಾಂಕ್ಯೂ ಆಂಟಿ" ಅಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದು ನನಗೆ ಹೆಚ್ಚು ಬೇಸರ ತರಿಸಿತು.

ಮೇಲೆ ಬಂದ ಮೇಲೆ ನಾನು ಕುಣಿಯುವುದೊಂದು ಬಾಕಿ. "ಗೆದ್ದೆವು ಮಗಾ! ಇವತ್ತು ಪಾಯಸ ಮಾಡುತ್ತೇನೆ!"

ಅವಳೂ ನಕ್ಕಳು. ಬೀಗ ತೆಗೆಯುತ್ತಾ ಕೇಳಿದಳು. "ಆಂಟಿ, ಮೊದಲ ಶನಿವಾರದ ಚಪ್ಪಲಿಯನ್ನು ಯಾರೋ ತೆಗೆದುಕೊಂಡು ಹೋದದ್ದು ನಿಜ ತಾನೇ?"

"ಹೌದು."

"ಅದು ಯಾರು ಅಂತ ಯಾರೂ ಕೇಳಲಿಲ್ಲ."

ನನಗೂ ಹೊಳೆದಿರಲಿಲ್ಲ. ಅವಳು ಕಳ್ಳಿ ಆಗಿದ್ದಷ್ಟು ದಿನ ಅದು ಕಳ್ಳತನ. ಅವಳಲ್ಲ ಅಂತಾದ ಮೇಲೆ ಕಳ್ಳನೂ ಇಲ್ಲ, ಕಳ್ಳತನವೂ ಇಲ್ಲ.

"ಚೇರ್ಮನ್ ಅಂಕಲ್ ಬೇಕಂತ ಬಿಟ್ಟಿರಲಿಲ್ಲ ಅಂತಾದರೆ, ನಿಜವಾಗಿ ಕಳವಾಗಿದ್ದರೆ, ಈಗ ನಾನು ಎಲ್ಲಿರುತ್ತಿದ್ದೆ?"

"ನಾನು ಬೊಬ್ಬೆ ಹಾಕುತ್ತಿದ್ದೆ" ಅಂದೆ. "ಇನ್ನೊಮ್ಮೆ ಆದರೂ ಹಾಕುತ್ತೇನೆ. ಅವರು ಎಷ್ಟು ಬೇಕಾದರೂ ಗೋಲಾ ಹಾಕಿಕೊಳ್ಳಲಿ."

"ಗೊತ್ತು" ಅಂದಳು. ನನ್ನ ಭುಜ ಹಿಡಿದು ಒಮ್ಮೆ ಗಟ್ಟಿಯಾಗಿ ಅದುಮಿದಳು. ಬಾಗಿಲು ಪೂರಾ ತೆರೆಯಿತು. ಒಳಗೆ ಗೋಡೆ ಖಾಲಿ, ಕಪಾಟು ಖಾಲಿ. ಎರಡು ದೊಡ್ಡ ಸೂಟ್‌ಕೇಸು ಹಗ್ಗ ಬಿಗಿದು ಬಾಗಿಲ ಪಕ್ಕದಲ್ಲಿ ನಿಂತಿದ್ದವು.

"ಇನ್ನು ಬಿಚ್ಚಬಹುದಲ್ಲ" ಅಂದೆ.

"ಬಿಚ್ಚುತ್ತೇನೆ ಆಂಟಿ. ಸ್ವಲ್ಪ ದಿನ ಹೋಗಲಿ."

ಮಳೆಗಾಲ ಬಂದು ಹೋಯಿತು. ಅವಳು ಈಗಲೂ ದಿನಾ ಸಂಜೆ ದೋಸೆ ತಿನ್ನಲಿಕ್ಕೆ ಬರುತ್ತಾಳೆ, ನನ್ನ ಜಡೆ ಹೆಣೆಯುತ್ತಾಳೆ, ಸೆಕ್ರೆಟರಿ ಕಿರುಚಿದ್ದನ್ನು ಅಣಕ ಮಾಡಿ ನನ್ನನ್ನು ನಗಿಸುತ್ತಾಳೆ. ಲಿಫ್ಟಿನಲ್ಲಿ ಗುಡ್ ಮಾರ್ನಿಂಗ್ ಹೇಳುವವರು ಐದು ಜನ ಆಗಿದ್ದಾರಂತೆ. ಬಟ್ಟೆಯನ್ನು ಮಾತ್ರ ಅವಳು ಇವತ್ತಿಗೂ ಆ ಸೂಟ್‌ಕೇಸಿನಿಂದಲೇ ತೆಗೆದು ಹಾಕಿಕೊಳ್ಳುತ್ತಾಳೆ, ಒಗೆದು ಒಣಗಿದ ಮೇಲೆ ಮಡಚಿ ಅದರೊಳಗೇ ಇಡುತ್ತಾಳೆ.